ಪ್ಲಾಸ್ಟಿಕ್ ಕುರ್ಚಿ ಕಂಡರೆ ಯಾಕಿಷ್ಟು ತಾತ್ಸಾರ?

ಕಟ್ಟೆಪುರಾಣ

ಹೋದ ಭಾನುವಾರ ತಿಪಟೂರಿನ ಹತ್ತಿರ ದೊಡ್ಡಪ್ಪನ ಮಗನ ಗೃಹಪ್ರವೇಶ. ಮನೆ ಚೆನ್ನಾಗಿದೆ. ಹಾಲ್‌ನಲ್ಲಿ ಹಾಲು ಬಣ್ಣದ ಸೋಫಾ ಇಟ್ಟಿದ್ದಾರೆ. ಎಷ್ಟು ನಾಜೂಕು ಅಂದರೆ ಅದರ ಮೇಲೆ ಯಾರೂ ಕೂರಲಿಲ್ಲ. ಕೂರಬೇಡಿ ಅಂತ ಅತ್ತಿಗೆ ಹೇಳಲಿಲ್ಲ, ಪಾಪ. ಆದರೆ ಕಾಫಿ ಲೋಟ ಹಿಡಿದವರು ಅತ್ತ ಕಡೆ ಸುಳಿದಾಗಲೆಲ್ಲ ಅವರ ಕಣ್ಣು ಅಲ್ಲೇ ಇರುತ್ತಿತ್ತು. ಬಂದ ನೆಂಟರೆಲ್ಲ ಕೂತಿದ್ದು ಶಾಮಿಯಾನದವರು ತಂದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಗ್ರೂಪ್ ಫೋಟೊ ಹೊತ್ತಿಗೆ ಮಾತ್ರ "ಏಯ್, ಆ ಕುರ್ಚಿಗಳನ್ನ ಆ ಕಡೆ ಎಳೀರೋ" ಅಂತ ಕೂಗು.

ಪಂಕ್ತಿಯಲ್ಲಿ ಪಕ್ಕ ಕೂತ ನೆಂಟನೊಬ್ಬ ಇಂಟೀರಿಯರ್ ಕೆಲಸ ಮಾಡುವವನು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ನಮ್ಮ ಜನಕ್ಕೆ ಡಿಸೈನ್ ಅಂದ್ರೇನು ಅಂತಾನೇ ಗೊತ್ತಿಲ್ಲ, ನೋಡಿ ಈ ಕುರ್ಚಿ" ಅಂದ. ಅವನೂ ಕೂತಿದ್ದು ಅದೇ ಕುರ್ಚಿಯಲ್ಲಿ.

ನನಗೆ ಅನ್ನಿಸುವುದೇನು ಅಂದರೆ, ನಮ್ಮ ಮನೆಗಳಲ್ಲಿರುವ ಸಾಮಾನುಗಳ ಪೈಕಿ ಇಷ್ಟು ಯೋಚನೆ ಮಾಡಿ ಮಾಡಿದ್ದು ಇನ್ನೊಂದಿಲ್ಲ. ಮಳೆಯಲ್ಲಿ ನೆನೆದರೆ ಒರೆಸಿದರೆ ಮುಗಿಯಿತು. ಆರು ವರ್ಷದ ಮಗುವೂ ಎಳೆದುಕೊಂಡು ಹೋಗುತ್ತದೆ. ಒಂದರ ಮೇಲೊಂದು ಪೇರಿಸಿದರೆ ಮೂಲೆ ಸೇರುತ್ತದೆ. ಬಲ್ಬ್ ಹಾಕಲು ಏಣಿ, ಅಜ್ಜನ ಸ್ನಾನಕ್ಕೆ ಪೀಠ, ಹಪ್ಪಳದ ಮೊರ ಒಣಗಿಸಲು ಮೇಜು, ರಸ್ತೆಯಲ್ಲಿ ಕಾರಿನ ಜಾಗ ಹಿಡಿಯಲು ಕಾವಲುಗಾರ. ಇಷ್ಟೆಲ್ಲ ಮಾಡಿದರೂ ಮನೆಯಲ್ಲಿ ಅದಕ್ಕೆ ಮರ್ಯಾದೆ ಇಲ್ಲ. ಇದು ನನ್ನೊಬ್ಬನ ಹುಚ್ಚಾ, ಇಲ್ಲ ಬೇರೆಯವರಿಗೂ ಹೀಗೆ ಅನ್ನಿಸಿದೆಯಾ?

ನೀಲಿನಕ್ಷೆ

ಆ ನೆಂಟನ ಪರವಾಗಿ ಒಂದು ಮಾತು. ನಾನೂ ಅದೇ ಕೆಲಸದವಳು. ಕಡಿಮೆ ದುಡ್ಡಿಗೆ ಸಿಗುತ್ತದೆ, ಎಲ್ಲ ಕಡೆ ಇದೆ ಅಂದ ಮಾತ್ರಕ್ಕೆ ಒಳ್ಳೆಯ ಡಿಸೈನ್ ಆಗುವುದಿಲ್ಲ. ಪ್ಲಾಸ್ಟಿಕ್ ಕವರ್ ಕೂಡ ಎಲ್ಲ ಕಡೆ ಇದೆ. ಧಾರವಾಡದ ಪೇಡೆ ಅಂಗಡಿ, ಮಂಗಳೂರಿನ ಬೀಚು, ತಾಲ್ಲೂಕು ಕಚೇರಿ, ಸಾವಿನ ಮನೆ, ಎಲ್ಲ ಕಡೆ ಒಂದೇ ಕುರ್ಚಿ. ಊರಿಗೊಂದು ಮುಖ ಇತ್ತು, ಅದು ಹೋಯಿತು. ಕಾಲು ಮುರಿದ ಮೇಲೆ ಅದನ್ನು ಏನು ಮಾಡುತ್ತೀರಿ ಹೇಳಿ? ಬೆತ್ತದ ಕುರ್ಚಿ ಹರಿದರೆ ಮತ್ತೆ ಹೆಣೆಯಬಹುದು. ಇದು ಮುರಿದರೆ ತಿಪ್ಪೆಗೆ.

ಶಾಮಿಯಾನ ಸಾಹುಕಾರ

ದಾವಣಗೆರೆ ಕಡೆ ನಮ್ಮದು ಬಾಡಿಗೆ ಸಾಮಾನಿನ ಅಂಗಡಿ. ಅಪ್ಪನ ಕಾಲದಿಂದ ಇದೆ.

ಮೊದಲು ಜಮಖಾನ ಇತ್ತು. ಎಲ್ಲರೂ ನೆಲದ ಮೇಲೆ ಕೂರುತ್ತಿದ್ದರು. ಆಮೇಲೆ ಕಬ್ಬಿಣದ ಮಡಚುವ ಕುರ್ಚಿ ಬಂತು. ಅದರ ಬೆನ್ನಿಗೆ ನಮ್ಮ ಅಂಗಡಿ ಹೆಸರು ಬಿಳಿ ಬಣ್ಣದಲ್ಲಿ ಬರೆಸಿರುತ್ತಿದ್ದೆವು. ಮದುವೆಗೊಂದು ಮಗುವಿನ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಗ್ಯಾರಂಟಿ. ಮಳೆಗಾಲದಲ್ಲಿ ತುಕ್ಕು, ರೇಷ್ಮೆ ಸೀರೆಗೆ ಕಲೆ, ಆಮೇಲೆ ಜಗಳ. ಲಾರಿಗೆ ಹೇರಲು ನಾಲ್ಕು ಆಳು ಬೇಕಿತ್ತು. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಒಬ್ಬ ಹುಡುಗ ಎಂಟು ಹತ್ತು ಕುರ್ಚಿಯ ಪೇರನ್ನು ಒಂದೇ ಸಲಕ್ಕೆ ಹೊತ್ತು ಹೋಗುತ್ತಾನೆ.

ಒಂದು ತಮಾಷೆ ಕೇಳಿ. ದೊಡ್ಡ ಮದುವೆಗಳಲ್ಲಿ ಇದೇ ಕುರ್ಚಿಗೆ ಬಿಳಿ ಬಟ್ಟೆ ತೊಡಿಸಿ, ಬೆನ್ನಿಗೆ ಬಂಗಾರದ ಬಣ್ಣದ ಗಂಟು ಕಟ್ಟುತ್ತೇವೆ. ನಮ್ಮಲ್ಲಿ ಆ ಬಟ್ಟೆಯ ಬಾಡಿಗೆ ಕುರ್ಚಿ ಬಾಡಿಗೆಗಿಂತ ಜಾಸ್ತಿ. ಕುರ್ಚಿ ಕಾಣಬಾರದು ಅಂತಲೇ ಜನ ದುಡ್ಡು ಕೊಡುತ್ತಾರೆ. ಕಟ್ಟೆಪುರಾಣದವರು ಹೇಳಿದ ಮರ್ಯಾದೆ ವಿಷಯ ಇದೇ ಅಲ್ವಾ?

ಅಚ್ಚಿನಮನೆ

ಈ ಚರ್ಚೆಗೆ ನಾನು ಬರಲೇಬೇಕು. ಪೀಣ್ಯದಲ್ಲಿ ಇಪ್ಪತ್ತು ವರ್ಷದಿಂದ ಪ್ಲಾಸ್ಟಿಕ್ ಸಾಮಾನು ಎರೆಯುವ ಅಚ್ಚು ಮಾಡುವ ಕೆಲಸ ನನ್ನದು. ಕುರ್ಚಿ ಅಚ್ಚುಗಳ ಮೇಲೂ ಕೈ ಆಡಿಸಿದ್ದೇನೆ.

ಮೊದಲು ಎದ್ದು ಹೋಗಿ ಮನೆಯಲ್ಲಿರುವ ಒಂದು ಕುರ್ಚಿಯನ್ನು ತಲೆಕೆಳಗು ಮಾಡಿ. ಕೂರುವ ಹಲಗೆಯ ಕೆಳಗೆ, ಸುಮಾರು ನಡುವಿನಲ್ಲಿ, ಬೆರಳಿಗೆ ಒಂದು ಸಣ್ಣ ಮೊಳಕೆ ತಾಗುತ್ತದೆ. ಅದೇ ಕುರ್ಚಿಯ ಹೊಕ್ಕುಳು. ಸುಮಾರು 220 ಡಿಗ್ರಿಗೆ ಕರಗಿದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಅಲ್ಲಿಂದ ಒಳಗೆ ನುಗ್ಗಿ ನಾಲ್ಕು ಕಾಲು, ಎರಡು ಕೈ, ಒಂದು ಬೆನ್ನು ಎಲ್ಲವನ್ನೂ ತುಂಬುತ್ತದೆ. ಅಚ್ಚು ಟನ್‌ಗಟ್ಟಲೆ ತೂಗುವ ಉಕ್ಕು. ಒಳಗೆಲ್ಲ ತಣ್ಣೀರಿನ ಕಾಲುವೆಗಳು. ಒಂದು ನಿಮಿಷದ ಒಳಗೆ ಕುರ್ಚಿ ಹೊರಗೆ ಬೀಳುತ್ತದೆ. ತೂಕ ಎರಡೂವರೆ ಕಿಲೋ ಆಸುಪಾಸು. ಒಂದೂ ಸ್ಕ್ರೂ ಇಲ್ಲ, ಬೆಸುಗೆ ಇಲ್ಲ, ಅಂಟು ಇಲ್ಲ.

ಅಲ್ಲೇ ಪಕ್ಕದಲ್ಲಿ ಗಡಿಯಾರದ ಮುಖದ ಥರ ಒಂದು ಸಣ್ಣ ವೃತ್ತ ಇದ್ದರೆ ನೋಡಿ. ಸುತ್ತ 1ರಿಂದ 12, ನಡುವೆ ಬಾಣ ಮತ್ತು ವರ್ಷ. ಯಾವ ತಿಂಗಳು ಹುಟ್ಟಿದ್ದು ಅಂತ ಅದು ಹೇಳುತ್ತದೆ. ಎಲ್ಲ ಕುರ್ಚಿಗಳಲ್ಲೂ ಇರುವುದಿಲ್ಲ. ತ್ರಿಕೋನದೊಳಗೆ 5 ಅಂತಿದ್ದರೆ ಅದು ಪಾಲಿಪ್ರೊಪಿಲೀನ್ ಎಂಬ ಗುರುತು.

ಈಗ ಕಾಲು ನೋಡಿ. ನೆಟ್ಟಗಿಲ್ಲ, ಹೊರಕ್ಕೆ ವಾಲಿದೆ. ಇಡ್ಲಿ ತಟ್ಟೆಯ ಗುಳಿ ತಳದಲ್ಲಿ ಕಿರಿದು, ಬಾಯಲ್ಲಿ ಅಗಲ ಇರುತ್ತದಲ್ಲ, ಅದೇ ಲೆಕ್ಕ. ಗೋಡೆ ನೆಟ್ಟಗಿದ್ದರೆ ಇಡ್ಲಿ ಕಿತ್ತು ಬರುತ್ತದೆ, ಎದ್ದು ಬರುವುದಿಲ್ಲ. ಕುರ್ಚಿಯೂ ಅಚ್ಚಿನಿಂದ ಸಲೀಸಾಗಿ ಬಿಡಬೇಕು. ಇದರಲ್ಲಿ ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ ಒಂದಿದೆ. ಅಚ್ಚಿನಿಂದ ಬಿಡಲು ಕೊಟ್ಟ ಆ ವಾಲೇ ಕುರ್ಚಿಯ ಮೇಲೆ ಕುರ್ಚಿ ಕೂರಲು ಬೇಕಾದ ವಾಲೂ ಹೌದು, ನೆಲದ ಮೇಲೆ ಭದ್ರವಾಗಿ ನಿಲ್ಲಲು ಬೇಕಾದ ವಾಲೂ ಹೌದು. ಒಂದೇ ಕಲ್ಲಿಗೆ ಮೂರು ಹಕ್ಕಿ.

ಕಾಲನ್ನು ಅಡ್ಡ ಕತ್ತರಿಸಿದರೆ ಮೂಲೆ ಮಡಚಿದ ಆಕಾರ ಕಾಣುತ್ತದೆ. ಒಂದು ಕಾಗದದ ಹಾಳೆ ನಿಲ್ಲಿಸಿ, ಬಿದ್ದು ಹೋಗುತ್ತದೆ. ನಡುವೆ ಮಡಚಿ ನಿಲ್ಲಿಸಿ, ನಿಲ್ಲುತ್ತದೆ. ಅಷ್ಟೇ ವಿದ್ಯೆ. ದಪ್ಪ ಮಾಡಿ ಗಟ್ಟಿ ಮಾಡೋಣ ಅಂದರೆ ಆಗುವುದಿಲ್ಲ. ದಪ್ಪ ಇದ್ದ ಕಡೆ ನಿಧಾನವಾಗಿ ಆರಿ ಗುಳಿ ಬೀಳುತ್ತದೆ, ಕುರ್ಚಿ ಸೊಟ್ಟಗಾಗುತ್ತದೆ, ಮೆಷಿನ್ ಕಾಯಬೇಕಾಗುತ್ತದೆ. ಸೀಟಿನ ತೂತು, ಬೆನ್ನಿನ ಸೀಳು ಇವೂ ಅಲಂಕಾರಕ್ಕಲ್ಲ. ನೀರು ಇಳಿಯಬೇಕು, ಬೆವರಿಗೆ ಗಾಳಿ ಬೇಕು, ಪೇರಿಸಿದ ಕುರ್ಚಿಗಳು ಒಂದಕ್ಕೊಂದು ಕಚ್ಚಿಕೊಳ್ಳಬಾರದು, ಪ್ಲಾಸ್ಟಿಕ್ ಉಳಿಯಬೇಕು.

ನೀಲಿನಕ್ಷೆ ಅವರೇ, ಚೆಂದ ಇಲ್ಲ ಅನ್ನಿ, ಒಪ್ಪುತ್ತೇನೆ. ಯೋಚನೆ ಇಲ್ಲ ಅಂತ ಮಾತ್ರ ಅನ್ನಬೇಡಿ.

ಕಟ್ಟೆಪುರಾಣ

ಅಚ್ಚಿನಮನೆಯವರೇ, ಈಗಷ್ಟೇ ಮನೆಯ ಮೂರೂ ಕುರ್ಚಿ ತಲೆಕೆಳಗು ಮಾಡಿ ಬಂದೆ. ಹೊಕ್ಕುಳು ಸಿಕ್ಕಿತು! ಹೆಂಡತಿ "ಏನು ಹುಡುಕ್ತಿದ್ದೀರಿ" ಅಂದಳು. "ಹುಟ್ಟಿದ ತಾರೀಕು" ಅಂದೆ. ಸುಮ್ನೆ ಒಳಗೆ ಹೋದಳು.

ರೈನ್ ದಂಡೆ

ನಾನಿರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಮೂಲ ಹಾಸನ. ನಿಮಗೆ ನಗು ಬರಬಹುದು, ಈ ಊರಿನವರು ಪ್ಲಾಸ್ಟಿಕ್ ಕುರ್ಚಿಗೆ ಬಹಿಷ್ಕಾರ ಹಾಕಿದ್ದರು. 2008ರಿಂದ 2017ರವರೆಗೆ ಸಾರ್ವಜನಿಕ ಜಾಗದಲ್ಲಿ, ಅಂದರೆ ಬೀದಿಬದಿ ಹೋಟೆಲುಗಳ ಮುಂದೆಲ್ಲ, ಈ ಕುರ್ಚಿ ಹಾಕುವ ಹಾಗಿರಲಿಲ್ಲ. ಊರಿನ ಅಂದ ಕೆಡುತ್ತದೆ ಅಂತ ಕಾರಣ.

ಅದೇ 2017ರಲ್ಲಿ ಇಲ್ಲಿಂದ ಗಡಿ ದಾಟಿದರೆ ಸಿಗುವ ಜರ್ಮನಿಯ ವೈಲ್ ಆಮ್ ರೈನ್ ಊರಿನ ವಿತ್ರಾ ಡಿಸೈನ್ ಮ್ಯೂಸಿಯಂನವರು ಇದೇ ಕುರ್ಚಿಯ ಮೇಲೆ ಒಂದು ಪ್ರದರ್ಶನ ಇಟ್ಟರು. ಈ ಜಾತಿಯ ಕುರ್ಚಿಗೆ ಮೊನೊಬ್ಲಾಕ್ ಅನ್ನುತ್ತಾರೆ, ಒಂದೇ ಗಟ್ಟಿಯಿಂದ ಆದದ್ದು ಅಂತ. ಟ್ರಾಮ್ ಹತ್ತಿದರೆ ಮುಗಿಯುವ ದೂರ. ಒಂದು ಕಡೆ ನಿಷೇಧ, ಇನ್ನೊಂದು ಕಡೆ ದೀಪದ ಬೆಳಕಿನಲ್ಲಿ ಮೆರವಣಿಗೆ.

ಇತಿಹಾಸ ಸ್ವಲ್ಪ ಹೇಳುತ್ತೇನೆ. ಕುರ್ಚಿಯನ್ನು ಒಂದೇ ತುಂಡಿನಲ್ಲಿ ಎರಕ ಹೊಯ್ಯಬೇಕು ಅನ್ನುವುದು 1960ರ ದಶಕದ ದೊಡ್ಡ ದೊಡ್ಡ ಡಿಸೈನರ್‌ಗಳ ಕನಸಾಗಿತ್ತು. ಡೆನ್ಮಾರ್ಕಿನ ವೆರ್ನರ್ ಪ್ಯಾಂಟನ್ ಅದಕ್ಕೆ ವರ್ಷಗಟ್ಟಲೆ ಒದ್ದಾಡಿದರು. ಹಿಂಗಾಲೇ ಇಲ್ಲದ, ಬಾಗಿದ ನಾಲಿಗೆಯಂಥ ಅವರ ಕುರ್ಚಿ 1967ರಲ್ಲಿ ವಿತ್ರಾ ಕಂಪನಿಯಿಂದ ಬಂತು. ನೋಡಲು ಅದ್ಭುತ. ಆದರೆ ಅದಕ್ಕೆ ಹೊಂದುವ ಪ್ಲಾಸ್ಟಿಕ್ ಸಿಗಲಿಲ್ಲ. ಒಂದು ಬಗೆಯದು ಹಳತಾದಂತೆ ಮುರಿಯತೊಡಗಿ, 1979ರಲ್ಲಿ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಪಾಲಿಪ್ರೊಪಿಲೀನ್‌ನಲ್ಲಿ ಸೋವಿಯಾಗಿ ಬರಲು 1999 ಆಯಿತು.

ಅಷ್ಟರಲ್ಲಿ ಫ್ರಾನ್ಸಿನ ಆನ್ರಿ ಮಸೊನೆ ಎಂಬ ಎಂಜಿನಿಯರ್ 1972ರಲ್ಲಿ ತನ್ನ 'ಫೊಟೇ 300' ಕುರ್ಚಿ ತಂದಿದ್ದರು. ಎರಡು ನಿಮಿಷದೊಳಗೆ ಒಂದು ಕುರ್ಚಿ. ಇವತ್ತು ನಮ್ಮ ಜಗಲಿಯಲ್ಲಿರುವ ಕುರ್ಚಿಯ ಹತ್ತಿರದ ಪೂರ್ವಜ ಅದೇ. ಕಲಾವಿದರು ಕನಸು ಕಂಡರು, ಎಂಜಿನಿಯರ್ ಮಾಡಿ ಮುಗಿಸಿದರು. ಬಹುಶಃ ಅದಕ್ಕೇ ಇದರ ಮೇಲೆ ಡಿಸೈನರ್‌ಗಳಿಗೆ ಅಷ್ಟು ಸಿಟ್ಟು. (ನೀಲಿನಕ್ಷೆ ಅವರು ಕ್ಷಮಿಸಬೇಕು.)

ನೀಲಿನಕ್ಷೆ

ಕ್ಷಮಿಸಿದೆ. ಆದರೆ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮುರಿದ ಮೇಲೆ?

ಅಗ್ಗ, ಹಗುರ, ಸಾಗಿಸಲು ಸುಲಭ ಅನ್ನುವುದು ಪ್ಲಾಸ್ಟಿಕ್‌ನಿಂದಲೇ ಶುರುವಾಗಿದ್ದಲ್ಲ. ವಿಯೆನ್ನಾದ ಥೋನೆಟ್ ಕಂಪನಿ 1859ರಲ್ಲಿ ಹಬೆಯಲ್ಲಿ ಬಗ್ಗಿಸಿದ ಬೀಚ್ ಮರದ ಕುರ್ಚಿ ಮಾಡಿತು. 14ನೇ ನಂಬರ್ ಅಂತ ಅದರ ಹೆಸರು. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಸೀಟಿಗೆ ಬೆತ್ತ. ಕಾಲು ಮುರಿದರೆ ಆ ಕಾಲನ್ನು ಮಾತ್ರ ಬದಲಾಯಿಸಿದರಾಯಿತು. ಅದೂ ಕೋಟಿಗಟ್ಟಲೆ ಮಾರಾಟವಾದ ಕುರ್ಚಿಯೇ. ಹಾಗಾಗಿ ಬಡವರಿಗೆ ಬೇಕು ಅಂದರೆ ಬಿಸಾಡುವ ಸಾಮಾನೇ ಆಗಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮಳೆಕಾಡು

ಬೆತ್ತದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೊಪ್ಪದ ನಮ್ಮ ಮನೆ ಜಗಲಿಯಲ್ಲಿ ಅಜ್ಜನ ಆರಾಮ ಕುರ್ಚಿ ಇದೆ. ಬೀಟೆ ಮರ. ಕೈಗಳು ಉದ್ದ, ಅದರ ಅಡಿಯಿಂದ ಇನ್ನೊಂದು ಹಲಗೆ ಹೊರಗೆ ತಿರುಗುತ್ತದೆ, ಅದರ ಮೇಲೆ ಕಾಲು ಚಾಚಬಹುದು. ಹಳೆಯ ಕಾಫಿ ತೋಟದ ಬಂಗಲೆಗಳಲ್ಲೂ ಇದೇ ಥರದ್ದು ಕಾಣುತ್ತದೆ.

ಅದರ ಬೆತ್ತ ನನಗೆ ಗೊತ್ತಿರುವ ಹಾಗೆ ಮೂರು ಸಲ ಹೊಸದಾಗಿದೆ. ಹೆಣೆಯುವವರು ಬಂದರೆ ನಮಗೆ ಅವತ್ತು ಶಾಲೆ ಬೇಡ. ಬೆತ್ತದ ಸೀಳುಗಳನ್ನು ನೀರಿನ ಬಕೆಟ್‌ಗೆ ಹಾಕಿ ನೆನೆಸುತ್ತಿದ್ದರು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಮೂಲೆಯಿಂದ ಮೂಲೆಗೆ. ಆ ಜೇನುಗೂಡಿನ ಕಣ್ಣು ಮೂಡುವುದು ಕೊನೆಯ ಸುತ್ತಿನಲ್ಲಿ. ಅಲ್ಲಿವರೆಗೆ ಸುಮ್ನೆ ಬಲೆ ಥರ ಇರುತ್ತದೆ. ಒದ್ದೆ ಇದ್ದಾಗ ಸಡಿಲ, ಒಣಗಿದ ಮೇಲೆ ತಬಲದ ಹಾಗೆ ಬಿಗಿ. ಬೆರಳಲ್ಲಿ ಹೊಡೆದು ಸದ್ದು ಕೇಳುತ್ತಿದ್ದೆವು. ಒಂದು ಸಲ ಬಂದವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸರಕಾರಿ ಕಚೇರಿಗಳ ಕುರ್ಚಿ ಹೆಣೆಯುವ ಕೆಲಸ ಅವರದು. ಅಂಚಿನ ತೂತುಗಳನ್ನು ಬೆರಳಲ್ಲೇ ಎಣಿಸುತ್ತಾ ಹೋಗುತ್ತಿದ್ದರು, ಒಂದೂ ತಪ್ಪುತ್ತಿರಲಿಲ್ಲ.

ಈಗ ನಾಲ್ಕನೇ ಸಲ ಹರಿದಿದೆ. ಹೆಣೆಯುವವರು ಸಿಕ್ಕಿಲ್ಲ. ಎರಡು ವರ್ಷದಿಂದ ಆ ಕುರ್ಚಿಯ ಮೇಲೆ ಒಂದು ಪ್ಲೈವುಡ್ ಹಲಗೆ ಇಟ್ಟು ಪೇಪರ್ ಕಟ್ಟು ಪೇರಿಸಿದ್ದೇವೆ. ಅಪ್ಪ ಕೂರುವುದು ಪ್ಲಾಸ್ಟಿಕ್ ಕುರ್ಚಿಯಲ್ಲೇ. ರಿಪೇರಿ ಆಗುವ ಕುರ್ಚಿ ಅಂತ ಹೇಳುವುದು ಸುಲಭ. ರಿಪೇರಿ ಮಾಡುವವರು ಇದ್ದರೆ ತಾನೆ ಅದು ರಿಪೇರಿ ಆಗುವುದು?

ಜೋಳದರೊಟ್ಟಿ

ಕಲಬುರಗಿಯಿಂದ ನಮಸ್ಕಾರ ರೀ. ನಮ್ಮ ಬಿಸಿಲಿಗೆ ಬಿಳಿ ಕುರ್ಚಿ ಎರಡೇ ಬೇಸಿಗೆ. ಆಮೇಲೆ ಕೂತು ಎದ್ದರೆ ಪ್ಯಾಂಟಿಗೆ ಸುಣ್ಣ ಬಳಿದ ಹಾಗೆ ಪುಡಿ. ಮೂರನೇ ಬೇಸಿಗೆಗೆ ಹಿಂಗಾಲು ಟಪ್ ಅಂತ ಹೋಯಿತು, ಮಾವನವರು ಅಂಗಳದಲ್ಲಿ ಅಂಗಾತ. ಪುಣ್ಯಕ್ಕೆ ಏಟಾಗಲಿಲ್ಲ. ಆದರೆ ಅಳಿಯನ ಮನೆ ಕುರ್ಚಿ ಅಂತ ಊರೆಲ್ಲ ಹೆಸರಾಯಿತು. ಅಚ್ಚಿನಮನೆಯವರು ಇದಕ್ಕೇನು ಹೇಳುತ್ತಾರೆ?

ಅಚ್ಚಿನಮನೆ

ಆ ಪುಡಿ ಬಿಸಿಲಿನ ಕೆಲಸ. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್‌ನ ಉದ್ದನೆಯ ಸರಪಳಿಗಳನ್ನು ತುಂಡು ತುಂಡು ಮಾಡುತ್ತದೆ. ಮೇಲ್ಪದರ ಮೊದಲು ಸಾಯುತ್ತದೆ. ತಡೆಯುವ ರಾಸಾಯನಿಕ ಬೆರೆಸಬಹುದು, ಅದಕ್ಕೆ ದುಡ್ಡು. ಕಪ್ಪು ಕುರ್ಚಿಯಲ್ಲಿ ಇಂಗಾಲದ ಮಸಿ ಇರುವುದರಿಂದ ಬಿಸಿಲು ಒಳಗೆ ಇಳಿಯುವುದಿಲ್ಲ, ಬಾಳಿಕೆ ಜಾಸ್ತಿ. ಬಿಸಿಲಲ್ಲಿ ಕೂತರೆ ಸುಡುತ್ತದೆ, ಅದು ಬೇರೆ ಮಾತು.

ಇನ್ನು ಕಾಲು ಸೀಳುವುದು. ಜನ ಕುರ್ಚಿಯ ಮುಂದಿನ ಎರಡು ಕಾಲನ್ನು ಎತ್ತಿ ಹಿಂದಕ್ಕೆ ವಾಲುತ್ತಾರಲ್ಲ, ಆಗ ಇಡೀ ಮೈಭಾರ ಹಿಂಗಾಲು ಸೀಟಿಗೆ ಸೇರುವ ಮೂಲೆಯ ಮೇಲೆ. ನುಣುಪು ಟೈಲ್ಸ್ ಮೇಲಾದರೆ ಕಾಲು ಹೊರಕ್ಕೆ ಜಾರುತ್ತದೆ. ನೆಲಕ್ಕೆ ಒಂದು ಚಾಪೆ ಹಾಕಿದರೂ ಕುರ್ಚಿಯ ಆಯಸ್ಸು ಹೆಚ್ಚುತ್ತದೆ. ಕೈ ಇರುವ ಕುರ್ಚಿಯಲ್ಲಿ ಬೆನ್ನು, ಕೈ, ಕಾಲು ಎಲ್ಲ ಸೇರಿ ಒಂದು ಕಟ್ಟು ಆಗುತ್ತದೆ. ಕೈ ಇಲ್ಲದ್ದು ಅಷ್ಟು ಗಟ್ಟಿ ಅಲ್ಲ.

ಕೊಳ್ಳುವಾಗ ತೂಕ ನೋಡಿ ಮೋಸ ಹೋಗಬೇಡಿ. ಸುಣ್ಣದ ಕಲ್ಲಿನ ಪುಡಿ ಬೆರೆಸಿದರೆ ತೂಕ ಬರುತ್ತದೆ, ಬೆಲೆ ಇಳಿಯುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಗಾಢ ಕಂದು, ಮರೂನ್ ಬಣ್ಣದವು ಕೆಲವೊಮ್ಮೆ ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದವು, ಗಾಢ ಬಣ್ಣದಲ್ಲಿ ಎಲ್ಲ ಮುಚ್ಚಿ ಹೋಗುತ್ತದೆ. ಅಂಗಡಿಯಲ್ಲೇ ಕೂತು ಸ್ವಲ್ಪ ಅಲ್ಲಾಡಿ. ಒಳ್ಳೆಯ ಕುರ್ಚಿ ಬಾಗಿ ವಾಪಸ್ ಬರುತ್ತದೆ. ಕೆಟ್ಟದ್ದು ಕಟಕಟ ಅನ್ನುತ್ತದೆ. ಸಾಧ್ಯವಾದರೆ ಬೆಳಕಿಗೆ ಹಿಡಿದು ಹಿಂಗಾಲಿನ ಮೂಲೆ ನೋಡಿ. ಮೂಲೆ ದುಂಡಗಿರಬೇಕು. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು.

ಅಜ್ಜಿ ಮೊಮ್ಮಗಳು

ನಾನು ಫಿಸಿಯೋಥೆರಪಿಸ್ಟ್. ಮಂಡಿನೋವಿನ ಹಿರಿಯರ ಮನೆಗಳಿಗೆ ಹೋಗುತ್ತಿರುತ್ತೇನೆ. ಅಲ್ಲಿ ದೊಡ್ಡ ಶತ್ರು ಪ್ಲಾಸ್ಟಿಕ್ ಕುರ್ಚಿ ಅಲ್ಲ, ಸೋಫಾ! ತಗ್ಗು, ಮೆತ್ತಗೆ, ಆಳ. ಕೂತರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ. ಏಳಲು ಇಬ್ಬರು ಎಳೆಯಬೇಕು. ಈಗಿನ ಫ್ಯಾಷನ್ ಸೋಫಾಗಳು ಇನ್ನೂ ತಗ್ಗು.

ನನ್ನ ಅಜ್ಜಿಗೆ ಎಂಬತ್ತೆಂಟು. ಅವರು ಕೂರುವುದು ಕೈ ಇರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾತ್ರ. ಎರಡೂ ಕೈ ಊರಿ, ಮೂಗು ಮುಂದಕ್ಕೆ ತಂದು, "ಶಿವಾ" ಅಂತ ತಾವೇ ಏಳುತ್ತಾರೆ. ಸ್ನಾನಕ್ಕೂ ಅದೇ, ತುಳಸಿಕಟ್ಟೆ ಹತ್ತಿರವೂ ಅದೇ. ಒಂದೇ ಎಚ್ಚರಿಕೆ. ಬಚ್ಚಲಲ್ಲಿ ಸೋಪಿನ ನೀರಿದ್ದರೆ ಕಾಲು ಜಾರುತ್ತದೆ, ಅಡಿಗೆ ರಬ್ಬರ್ ಬುಷ್ ಹಾಕಲೇಬೇಕು. ಮತ್ತು ಬಿರುಕು ಬಿಟ್ಟ ಕುರ್ಚಿಯನ್ನು ಹಿರಿಯರಿಗೆ ಕೊಡಲೇಬೇಡಿ.

ಇನ್ನೊಂದು ವಿಷಯ ಗೊತ್ತಾ? ಅಮೆರಿಕದ ಎಂಜಿನಿಯರ್ ಡಾನ್ ಶಾಂಡಾರ್ಫರ್ ಈ ಬಿಳಿ ಕುರ್ಚಿಗೇ ಸೈಕಲ್ ಚಕ್ರ ಜೋಡಿಸಿ ಗಾಲಿಕುರ್ಚಿ ಮಾಡಿದರು. 2001ರಲ್ಲಿ ಮೊದಲ ನಾಲ್ಕನ್ನು ತಂದು ಕೊಟ್ಟದ್ದು ನಮ್ಮ ದೇಶದಲ್ಲೇ. ಆಮೇಲೆ ಅವರ ಸಂಸ್ಥೆ ಹತ್ತು ಲಕ್ಷಕ್ಕೂ ಹೆಚ್ಚು ಗಾಲಿಕುರ್ಚಿ ಹಂಚಿದೆ. ಕುರ್ಚಿಯನ್ನು ಹೊಸದಾಗಿ ಡಿಸೈನ್ ಮಾಡುವ ಗೋಜಿಗೇ ಅವರು ಹೋಗಲಿಲ್ಲ. ಅಂಗಡಿಯಲ್ಲಿ ಸಿಗುವುದೇ ಸಾಕು ಅಂದುಕೊಂಡರು.

ಹೊಸಮನೆ ಹಳೇಸಾಲ

ಸ್ವಲ್ಪ ದಾರಿ ತಪ್ಪುತ್ತೇನೆ. ರಿಪೇರಿ ಅಂದ ಕೂಡಲೇ ನನ್ನ ಹೊಟ್ಟೆ ಉರಿಯಿತು. ಆನ್‌ಲೈನ್‌ನಲ್ಲಿ ಹದಿನೆಂಟು ಸಾವಿರ ಕೊಟ್ಟು ಟಿವಿ ಯೂನಿಟ್ ತರಿಸಿದ್ದೆ. ಹೊರಗೆ ವಾಲ್‌ನಟ್ ಮರದ ಚಿತ್ರ, ಒಳಗೆ ಮರದ ಹೊಟ್ಟು ಅಂಟಿಸಿ ಒತ್ತಿದ ಪಾರ್ಟಿಕಲ್ ಬೋರ್ಡ್. ಕೆಲಸದವರು ನೆಲ ಒರೆಸಿದ ನೀರು ಕುಡಿದು ಒಂದೇ ವರ್ಷಕ್ಕೆ ಕಾಲಿನ ಹತ್ತಿರ ಪೂರಿ ಥರ ಉಬ್ಬಿತು. ಮನೆ ಬದಲಾಯಿಸುವಾಗ ಬಿಚ್ಚಿ ಜೋಡಿಸಿದರೆ ಸ್ಕ್ರೂ ತೂತಲ್ಲಿ ಬರೀ ಹೊಟ್ಟು. ಬಡಗಿಗೆ ತೋರಿಸಿದರೆ, "ಸ್ವಾಮಿ, ಇದಕ್ಕೆ ಮೊಳೆ ಹೊಡೆಯೋದೂ ಉಪ್ಪಿಟ್ಟಿಗೆ ಮೊಳೆ ಹೊಡೆಯೋದೂ ಒಂದೇ" ಅಂದರು.

ಅದರ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಏಳು ಮನೆ ನೋಡಿದೆ. ಕಡೇಪಕ್ಷ ಅದು ನಾನು ಮರ ಅಂತ ಸುಳ್ಳು ಹೇಳುವುದಿಲ್ಲ.

ನೀಲಿನಕ್ಷೆ

ಉಪ್ಪಿಟ್ಟು! ನಾಳೆಯಿಂದ ಗಿರಾಕಿಗಳಿಗೆ ಇದನ್ನೇ ಹೇಳುತ್ತೇನೆ. ತಂದೇ ತೀರಬೇಕು ಅಂದರೆ ಅಂಚಿನ ಪಟ್ಟಿ ಎಲ್ಲ ಕಡೆ ಇದೆಯಾ ನೋಡಿ, ಬೆನ್ನಿಗೆ ಮತ್ತು ಅಡಿಗೆ ಕೂಡ. ನೆಲಕ್ಕೆ ತಾಗದ ಹಾಗೆ ಸ್ಟೀಲ್ ಕಾಲು ಹಾಕಿಸಿ. ಅಡುಗೆಮನೆ ಸಿಂಕ್ ಕೆಳಗೆ ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ ಬಿಟ್ಟು ಬೇರೆ ಬೇಡ.

ಮರ್ಯಾದೆಯ ಮಾತಿಗೆ ಬಂದರೆ ನನ್ನ ಹತ್ತಿರವೂ ಒಂದು ಕಥೆ ಇದೆ. ಚಂಡೀಗಢ ಕಟ್ಟುವಾಗ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಜೊತೆಗಿದ್ದ ಪಿಯರ್ ಜಾನ್ನರೆ ಅಲ್ಲಿನ ಕಚೇರಿ, ಕಾಲೇಜುಗಳಿಗೆ ತೇಗ ಮತ್ತು ಬೆತ್ತದ ಕುರ್ಚಿ ಮಾಡಿಸಿದರು. ಸಾವಿರಗಟ್ಟಲೆ ಕುರ್ಚಿ. ಮಾಡಿದವರು ಅಲ್ಲಿನ ಬಡಗಿಗಳೇ. ಆಮೇಲೆ ಸ್ಟೀಲು, ಪ್ಲಾಸ್ಟಿಕ್ಕು ಬಂತು. ಮರದವು ಮಾಳಿಗೆ ಮೇಲೆ ರಾಶಿ ಬಿದ್ದವು, ಗುಜರಿ ಬೆಲೆಗೆ ಹರಾಜಾದವು. ವಿದೇಶದ ವ್ಯಾಪಾರಿಗಳು ಎತ್ತಿಕೊಂಡು ಹೋಗಿ ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಸರಕಾರ ಹೊರಗೆ ಸಾಗಿಸಬಾರದು ಅಂತ ಆದೇಶ ಹೊರಡಿಸುವಷ್ಟು ಹೊತ್ತಿಗೆ ಎಷ್ಟೋ ಹೋಗಿಯಾಗಿತ್ತು. ಅದೇ ಮಾದರಿಯ ನಕಲುಗಳನ್ನು ಈಗ ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ ನೋಡಿರುತ್ತೀರಿ. ಕಾಲು ಇಂಗ್ಲಿಷಿನ ವಿ ಅಕ್ಷರವನ್ನು ತಲೆಕೆಳಗು ಇಟ್ಟ ಹಾಗಿರುತ್ತದೆ.

ಶಾಮಿಯಾನ ಸಾಹುಕಾರ

ಹಾಗಾದರೆ ಗೋಡೌನ್‌ನಲ್ಲಿರುವ ಆರುನೂರು ಕೆಂಪು ಕುರ್ಚಿ ಮಾರುವುದಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಆಗುತ್ತದೆ.

ಏಳುಮಲೆ ಹಾದಿ

ಬೆತ್ತ ಸಿಗುತ್ತಿಲ್ಲ, ಹೆಣೆಯುವವರಿಲ್ಲ ಅಂದವರಿಗೆ ನಮ್ಮ ಕಡೆಯ ಸುದ್ದಿ. ಮಲೆ ಮಹದೇಶ್ವರ ಬೆಟ್ಟದ ಕಾಡಿನ ತುಂಬ ಲಂಟಾನ. ಹೂವಿನ ಅಂದಕ್ಕೆ ಅಂತ ಹೊರದೇಶದಿಂದ ತಂದ ಗಿಡ, ಈಗ ಕಾಡನ್ನೇ ನುಂಗುತ್ತಿದೆ. ಬಿದಿರು, ಬೆತ್ತದ ಕೆಲಸ ಬಲ್ಲ ನಮ್ಮ ಸೋಲಿಗರಿಗೆ ಅದೇ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ ಮಾಡುವುದನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯವರು ಕಲಿಸಿಕೊಟ್ಟರು. ಕಡ್ಡಿ ಕಡಿದು ದೊಡ್ಡ ಹಂಡೆಯಲ್ಲಿ ಕುದಿಸಬೇಕು. ಬಿಸಿ ಇರುವಾಗಲೇ ಸಿಪ್ಪೆ ಸುಲಿದು ಬಗ್ಗಿಸಬೇಕು. ಆರಿದ ಮೇಲೆ ಬಗ್ಗುವುದಿಲ್ಲ, ಅಷ್ಟು ಗಟ್ಟಿ. ಹುಳ ಹಿಡಿಯುವುದೂ ಕಡಿಮೆ. ನೀಲಗಿರಿಯ ಗೂಡಲೂರು ಕಡೆ ಇದೇ ಕಡ್ಡಿಯಲ್ಲಿ ನಿಜವಾದ ಅಳತೆಯ ಆನೆಗಳನ್ನೇ ಮಾಡುತ್ತಾರೆ. ಅವು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತಿದ್ದವು.

ಆದರೆ ಒಂದು ಮಾತು ಹೇಳಬೇಕು. ಒಂದು ಕುರ್ಚಿಗೆ ದಿನಗಟ್ಟಲೆ ಕೈಕೆಲಸ. ಅಚ್ಚಿನಿಂದ ನಿಮಿಷಕ್ಕೊಂದು ಬೀಳುವ ಕುರ್ಚಿಯ ಬೆಲೆಗೆ ಅದು ಸಿಗುವುದಿಲ್ಲ. ನೋಡಲು ಬಂದವರು ಮೊದಲು ಕೈ ಸವರುತ್ತಾರೆ, ಆಮೇಲೆ ಬೆಲೆ ಚೀಟಿ ತಿರುಗಿಸುತ್ತಾರೆ, ಆಮೇಲೆ ಕೀಚೈನ್ ಕೊಳ್ಳುತ್ತಾರೆ.

ಮಳೆಕಾಡು

ಲಂಟಾನದ ಸೀಳಿನಿಂದ ಅಜ್ಜನ ಕುರ್ಚಿ ಹೆಣೆಯಲು ಬರುತ್ತದೆಯಾ?

ಏಳುಮಲೆ ಹಾದಿ

ಜೇನುಗೂಡಿನ ಸಣ್ಣ ಕಣ್ಣಿಗೆ ಅಷ್ಟು ತೆಳ್ಳಗಿನ ಸೀಳು ಬೇಕು, ಲಂಟಾನ ಒಗ್ಗುವುದಿಲ್ಲ ಅಂತ ನನ್ನ ಅಂದಾಜು. ಪ್ಲಾಸ್ಟಿಕ್ ಬೆತ್ತ ಅಂತ ಸುರುಳಿಯಲ್ಲಿ ಸಿಗುತ್ತದೆ. ಅಜ್ಜ ಒಪ್ಪುತ್ತಾರಾ ಕೇಳಿ.

ಮಳೆಕಾಡು

ಅಜ್ಜ ಹೋಗಿ ಇಪ್ಪತ್ತು ವರ್ಷ ಆಯಿತು. ಅಪ್ಪ ಒಪ್ಪುವುದಿಲ್ಲ.

ಕಟ್ಟೆಪುರಾಣ

ನೀಲಿನಕ್ಷೆ ಅವರ "ಮುರಿದ ಮೇಲೆ?" ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಹಿತ್ತಲಲ್ಲಿ ಒಂದು ಹಸಿರು ಕುರ್ಚಿ ಇದೆ. ಸೀಟಿನಲ್ಲಿ ಒಂದು ಗೇಣು ಉದ್ದದ ಬಿರುಕು. ಮೊದಲು ಕ್ವಿಕ್ ಅಂಟು ಹಾಕಿದೆ. ಬೆರಳು ಅಂಟಿತು, ಕುರ್ಚಿ ಅಂಟಲಿಲ್ಲ.

ಆಮೇಲೆ ನೆನಪಾಯಿತು, ನಮ್ಮ ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯುವವರ ಹತ್ತಿರ ಇಂಥ ಕುರ್ಚಿಗಳು ಸಾಲಾಗಿ ಇರುತ್ತಿದ್ದವು. ಇವತ್ತು ಬೆಳಗ್ಗೆ ತೆಗೆದುಕೊಂಡು ಹೋದೆ. ದಬ್ಬಳವನ್ನು ಸಣ್ಣ ಸ್ಟೋವ್ ಮೇಲೆ ಕೆಂಪಗೆ ಕಾಯಿಸಿದರು. ಬಿರುಕಿನ ಎರಡೂ ತುದಿಯಲ್ಲಿ ಮೊದಲು ಒಂದೊಂದು ದುಂಡು ತೂತು. ಯಾಕೆ ಅಂದೆ. "ಇಲ್ಲಾಂದ್ರೆ ಸೀಳು ಓಡ್ತದೆ" ಅಂದರು. ಆಮೇಲೆ ಎರಡೂ ಅಂಚಿಗೆ ಬೆರಳಗಲ ಬಿಟ್ಟು ತೂತುಗಳ ಸಾಲು. ಪ್ರತಿ ಸಲ ಚುರ್ ಅಂತ ಹೊಗೆ, ಕ್ಯಾಂಡಲ್ ವಾಸನೆ. ಕೊನೆಗೆ ತಂತಿ ಹಾಕಿ, ಆಪರೇಷನ್ ಆದ ಹೊಟ್ಟೆಗೆ ಹೊಲಿಗೆ ಹಾಕಿದ ಹಾಗೆ ಅಡ್ಡಡ್ಡ ಎಳೆದು ಬಿಗಿದರು. ತಂತಿಯ ತುದಿಯನ್ನು ಕೆಳಗೆ ಮಡಚಿ, ಸೀರೆಗೆ ಸಿಕ್ಕಬಾರದು ಅಂತ ಕಾದ ಕಬ್ಬಿಣದಲ್ಲಿ ಮೇಲೆ ಪ್ಲಾಸ್ಟಿಕ್ ಸವರಿದರು. ನಲವತ್ತು ರೂಪಾಯಿ.

ಅಚ್ಚಿನಮನೆ

ಅಂಟು ಯಾಕೆ ಹಿಡಿಯಲಿಲ್ಲ ಅಂದರೆ, ಪಾಲಿಪ್ರೊಪಿಲೀನ್ ಮೈ ಕೆಸುವಿನ ಎಲೆ ಥರ. ಅದರ ಮೇಲೆ ಯಾವುದೂ ನಿಲ್ಲುವುದಿಲ್ಲ. ಹೊಲಿಗೆ ಅಥವಾ ಬಿಸಿ, ಎರಡೇ ದಾರಿ. ಆದರೆ ಬಿರುಕಿನ ತುದಿಗೆ ದುಂಡು ತೂತು ಹಾಕಿದರು ಅಂದಿರಲ್ಲ, ಅವರಿಗೆ ನನ್ನ ನಮಸ್ಕಾರ ಹೇಳಿ. ಉಕ್ಕಿನ ತಗಡಲ್ಲಿ ಬಿರುಕು ಬಂದರೆ ನಾವೂ ಮಾಡುವುದು ಅದನ್ನೇ.

ನೀಲಿನಕ್ಷೆ

ಫೋಟೊ ಹಾಕಿ ದಯವಿಟ್ಟು. ಮೇಲಿನದು ಮತ್ತು ಅಡಿಯದು, ಎರಡೂ.

ಅಜ್ಜಿ ಮೊಮ್ಮಗಳು

ಹಿರಿಯರನ್ನು ಅದರ ಮೇಲೆ ಕೂರಿಸಬೇಡಿ, ಮತ್ತೆ ಹೇಳುತ್ತಿದ್ದೇನೆ.

ಕಟ್ಟೆಪುರಾಣ

ಇಲ್ಲ, ಅದರ ಮೇಲೆ ಈಗ ಬೆಕ್ಕು ಮಲಗಿದೆ. ಎದ್ದ ಮೇಲೆ ಅಡಿಯ ಫೋಟೊ ಹಾಕುತ್ತೇನೆ. ಅಂದ ಹಾಗೆ, ಇದರಲ್ಲಿ ಆ ಗಡಿಯಾರದ ವೃತ್ತವೂ ಸಿಕ್ಕಿತು. ಬಾಣ 4ರ ಮೇಲೆ, ನಡುವೆ 98 ಅಂತಿದೆ. ನಮ್ಮ ಮದುವೆಗಿಂತ ಆರು ವರ್ಷ ದೊಡ್ಡದು. ಹೆಂಡತಿಗೆ ಇನ್ನೂ ಹೇಳಿಲ್ಲ.